ಹೆದ್ದಾರಿ ತೆರೆದ ಮೇಲೂ ಇಳಿಯದ ನೆರೆ

ಜುಲೈನಲ್ಲಿ ರಾತ್ರಿಯಿಡೀ ಮಳೆ ಹೊಡೆದ ಮರುದಿನ ಉತ್ತರ ಕನ್ನಡದ ಶಿರಸಿ, ಕುಮಟಾ, ಅಂಕೋಲಾದ ಬಸ್ ನಿಲ್ದಾಣಗಳಲ್ಲಿ ಮೊದಲು ಕೇಳಿಬರುವ ಮಾತು ‘ಘಟ್ಟ ಬಿಟ್ರಾ?’ ಘಟ್ಟದ ರಸ್ತೆಯಲ್ಲಿ ವಾಹನ ಬಿಟ್ಟರೇ ಎಂದು ಅದರರ್ಥ. ಯಾವ ಘಟ್ಟ, ದೇವಿಮನೆಯೋ ಅರಬೈಲೋ ಅಣಶಿಯೋ ಎಂಬುದು ಕೇಳುವವರು ಯಾವ ಊರಿಗೆ ಹೊರಟಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ಶಿರಸಿಗೆ ರೈಲಿಲ್ಲ. ಕರಾವಳಿಗೆ ರೈಲಿದ್ದರೂ ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾದ ಆಸ್ಪತ್ರೆಗೇ ಓಡಬೇಕು. ರಸ್ತೆ ಕಟ್ಟಿತೆಂದರೆ ಆಂಬುಲೆನ್ಸೂ ನಿಂತಿತು ಎಂದೇ ಅರ್ಥ. ಹಾಗಾಗಿ ‘ಸಂಚಾರ ಪುನರಾರಂಭ’ ಎಂಬ ಸುದ್ದಿ ಬಂದ ದಿನ ಜಿಲ್ಲೆ ನಿಟ್ಟುಸಿರು ಬಿಡುತ್ತದೆ, ಕ್ಯಾಮೆರಾಗಳು ಊರು ಬಿಡುತ್ತವೆ. ಅಂಗಳದ ಕೆಸರು ತೆಗೆಯುವ ಕೆಲಸ ಶುರುವಾಗುವುದು ಬಹುತೇಕ ಆಮೇಲೆಯೇ.

ರಸ್ತೆಯದು, ಮನೆಯದು ಎಂಬ ಈ ಎರಡು ಚೇತರಿಕೆಗಳು ಯಾವತ್ತಿನಿಂದ ಬೇರೆ ಬೇರೆ ದಾರಿ ಹಿಡಿದವು ಎಂದು ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಹುಬ್ಬಳ್ಳಿ-ಧಾರವಾಡದ ಹತ್ತಿ ಘಟ್ಟ ಇಳಿದು ಕಾರವಾರ, ಕುಮಟಾ ಬಂದರುಗಳಿಗೆ ಬರುತ್ತಿದ್ದ ಕಾಲ ಅದು. ಆಗ ಮಳೆಗಾಲವೆಂದರೆ ವ್ಯಾಪಾರಕ್ಕೆ ಬಿಡುವು. ಆಗಬೋಟು, ಅಂದರೆ ಹಬೆ ಹಡಗು, ಬರುತ್ತಿರಲಿಲ್ಲ, ಹೊಳೆ ತುಂಬಿದರೆ ತಾರಿ ದಾಟಿಸುತ್ತಿರಲಿಲ್ಲ. ಅಕ್ಕಿ, ಉಪ್ಪು, ಒಣಮೀನು, ಸೌದೆ ಎಲ್ಲವನ್ನೂ ಮೇ ಮುಗಿಯುವುದರೊಳಗೆ ಕೂಡಿಟ್ಟುಕೊಳ್ಳುತ್ತಿದ್ದರು. ಕಷ್ಟದ ದಿನಗಳೇ, ಅದನ್ನು ಹೊಗಳುವ ಉದ್ದೇಶವಿಲ್ಲ. ಆದರೆ ಸಂಚಾರ ನಿಲ್ಲುತ್ತದೆ ಎಂಬುದು ಮೊದಲೇ ಗೊತ್ತಿದ್ದ ಲೆಕ್ಕವಾಗಿತ್ತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳಿಗೆ ಸೇತುವೆ ಬಂದ ಮೇಲೆ ಆ ಲೆಕ್ಕ ತಪ್ಪಿತು. ಇವತ್ತು ಕಾರವಾರದ ಪೇಟೆಗೆ ಹಾಲು, ತರಕಾರಿ ಬೆಳಗಾದರೆ ಲಾರಿಯಲ್ಲೇ ಬರಬೇಕು. ಎರಡು ದಿನ ರಸ್ತೆ ಕಟ್ಟಿದರೂ ಅಂಗಡಿ ಖಾಲಿ.

ಇದೇ ಜಾಗದಲ್ಲಿ ಮಳೆಯಿಂದ ಪಾಠ ಕಲಿತದ್ದು ಕೊಂಕಣ ರೈಲ್ವೆ. ಕಲಿತದ್ದು ಬಹಳ ದುಬಾರಿ ಬೆಲೆ ತೆತ್ತು. 1998ರಲ್ಲಿ ಪೂರ್ತಿ ಮಾರ್ಗ ತೆರೆಯಿತು. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿಯ ಹತ್ತಿರ ಹಳಿಯ ಮೇಲೆ ಬಿದ್ದಿದ್ದ ಬಂಡೆಗೆ ಗುದ್ದಿ 51 ಜನ ಸತ್ತರು. ಮರುವರ್ಷ ಜೂನ್ 16ಕ್ಕೆ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ಗೂ ಅದೇ ಗತಿ ಬಂತು. ಆಮೇಲೆ ಗುಡ್ಡ ಸೀಳಿದ ಜಾಗಗಳಲ್ಲಿ ಇಳಿಜಾರನ್ನು ತಗ್ಗಿಸಿದರು, ಬಲೆ ಹೊದಿಸಿದರು, ಕಲ್ಲುರುಳಿದರೆ ಎಚ್ಚರಿಸುವ ‘ರಕ್ಷಾ ಧಾಗಾ’ ತಂತಿ ಕಟ್ಟಿದರು, ಮಳೆ ಮಾಪಕ, ಗಾಳಿ ಮಾಪಕ ಇಟ್ಟರು. ಹಳಿಯ ಗುಂಟ ನಡೆದು ಕಾಯುವ ಗಸ್ತು ಸಿಬ್ಬಂದಿಯಂತೂ ಮಳೆಗಾಲವಿಡೀ ಇರುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ಪ್ರತ್ಯೇಕ ಮಳೆಗಾಲದ ವೇಳಾಪಟ್ಟಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ರೈಲುಗಳು ನಿಧಾನವಾಗಿಯೇ ಓಡುತ್ತವೆ. ಜಡಿಮಳೆಗೆ ಮುಂದಿನದು ಕಾಣದಾದರೆ ಚಾಲಕ ಗಂಟೆಗೆ 40 ಕಿ.ಮೀ. ಮೀರುವಂತಿಲ್ಲ. ತಡವಾಯಿತೆಂದು ಗೊಣಗುವ ಪ್ರಯಾಣಿಕರಲ್ಲಿ ನಾನೂ ಒಬ್ಬ. ಆದರೂ ಮಳೆಯನ್ನು ಟೈಮ್‌ಟೇಬಲ್ಲಿನೊಳಗೇ ಬರೆದುಕೊಂಡ ಸಂಸ್ಥೆ ಈ ಕರಾವಳಿಯಲ್ಲಿ ಬೇರೆ ಕಾಣಲಿಲ್ಲ. ಹಾಗೆಂದು ಅದಕ್ಕೂ ಅಡ್ಡಿ ತಪ್ಪಿಲ್ಲ: 2024ರ ಜುಲೈನಲ್ಲಿ ಗೋವಾದ ಪೆಡ್ಣೆ ಸುರಂಗದೊಳಗೆ ನೀರು ಉಕ್ಕಿ ರೈಲುಗಳು ನಿಂತಿದ್ದವು.

ಹೆದ್ದಾರಿಯ ಕತೆ ಬೇರೆ. ಹಳೆಯ 17ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ 66 ಎಂದಾಯಿತು, ಆಮೇಲೆ ನಾಲ್ಕು ಪಥವಾಗಿ ಅಗಲವಾಯಿತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹೊಳೆ ಅಥವಾ ಕಡಲು. ಅಗಲಕ್ಕೆ ಜಾಗ ಸಿಗುವುದು ಗುಡ್ಡದ ಬುಡದಲ್ಲಿ. ಈ ಗುಡ್ಡಗಳ ಮೇಲ್ಪದರ ಚೀರೆಕಲ್ಲು, ಅದರಡಿಗೆ ನುಣ್ಣನೆಯ ಶೇಡಿ ಮಣ್ಣು. ಮೇಲಿನ ಕಲ್ಲು ನೀರನ್ನು ಕೆಳಕ್ಕೆ ಇಳಿಸುತ್ತದೆ, ಶೇಡಿ ಮಣ್ಣು ಅದನ್ನು ಹಿಡಿದುಕೊಂಡು ಭಾರವಾಗಿ ಜಾರುತ್ತದೆ. ಬುಡವನ್ನು ನೆಟ್ಟಗೆ ಕಡಿದಿದ್ದರೆ ತಡೆಯಲು ಏನೂ ಇಲ್ಲ. ರಸ್ತೆಯಿಂದ ದೂರವಿದ್ದರೂ ಗುಡ್ಡವನ್ನು ನಂಬುವಂತಿಲ್ಲ ಎಂಬುದು 2009ರ ಅಕ್ಟೋಬರಿನಲ್ಲೇ ಗೊತ್ತಾಗಿತ್ತು. ಕಾರವಾರದ ಮಗ್ಗುಲಿನ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಮಣ್ಣಾದರು. ಅದಾಗಿ ಕೆಲವೇ ವರ್ಷಕ್ಕೆ ಹೆದ್ದಾರಿಗಾಗಿ ಗುಡ್ಡ ಕಡಿಯುವ ಯಂತ್ರಗಳು ಬಂದವು.

2019ರ ಆಗಸ್ಟ್‌ನಲ್ಲಿ ನೆರೆ ಬಂದದ್ದು ಎರಡು ಬಗೆಯಲ್ಲಿ. ಕಾಳಿಗೆ ಅಣೆಕಟ್ಟುಗಳಿವೆ: ಸೂಪಾ, ಕೊಡಸಳ್ಳಿ, ಕೊನೆಗೆ ಕದ್ರಾ. ಕದ್ರಾದ ಗೇಟು ಎತ್ತಿದಾಗ ಕೆಳಗಿನ ಕದ್ರಾ, ಮಲ್ಲಾಪುರದ ಮನೆಗಳಿಗೆ ನೀರು ನುಗ್ಗಿತು. ಆ ಜಲಾಶಯದ ಗರಿಷ್ಠ ಮಟ್ಟ 34.50 ಮೀಟರ್, ಮಳೆಗಾಲದಲ್ಲಿ ಅಷ್ಟು ತುಂಬಿಸದೆ ಕೆಳಗೇ ಇಟ್ಟುಕೊಳ್ಳಿ ಎಂಬ ಒತ್ತಾಯ ಬಲವಾದದ್ದು ಈ ನೆರೆಯಿಂದ. ಗಂಗಾವಳಿಗೆ ಅಣೆಕಟ್ಟೇ ಇಲ್ಲ. ಅಲ್ಲಿ ದೂರಲು ಗೇಟೂ ಇಲ್ಲ, ಮುನ್ನೆಚ್ಚರಿಕೆಯ ಸೈರನ್ನೂ ಇಲ್ಲ. ಘಟ್ಟದ ಮೇಲೆ ಸುರಿದದ್ದು ಕೆಲವು ಗಂಟೆಗಳಲ್ಲಿ ಅಂಕೋಲಾದ ಹೊಳೆಸಾಲಿನ ಊರುಗಳಿಗೆ ಇಳಿಯಿತು. ರಾಮನಗುಳಿಯ ತೂಗುಸೇತುವೆ ಕೊಚ್ಚಿಹೋಯಿತು. 2021ರ ಜುಲೈ ಕೊನೆಯಲ್ಲಿ ಯಲ್ಲಾಪುರದ ಗುಳ್ಳಾಪುರ ಸೇತುವೆಯ ಸರದಿ. ಅದೇ ವಾರ ಅರಬೈಲಿನಲ್ಲಿ, ಅಣಶಿಯಲ್ಲಿ ಗುಡ್ಡ ಜಾರಿತು. ಕಳಚೆಯಲ್ಲಿ ಅಡಿಕೆ ತೋಟ, ಮನೆ, ರಸ್ತೆ ಒಟ್ಟಿಗೇ ಬಿರುಕು ಬಿಟ್ಟು ಕುಸಿದವು. ಅರಬೈಲು ಹುಬ್ಬಳ್ಳಿಯ ದಾರಿ, ಬೇಗ ತೆರೆಯಿತು. ಕಳಚೆಯವರು ಪುನರ್ವಸತಿ ಕೇಳುತ್ತಾ ಕಚೇರಿಯಿಂದ ಕಚೇರಿಗೆ ಅಲೆದರು. 2022ರ ಆಗಸ್ಟ್ 2ರಂದು ಭಟ್ಕಳ ಪಟ್ಟಣವೇ ಮುಳುಗಿತು; ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಬಿದ್ದು ಒಂದೇ ಕುಟುಂಬದ ನಾಲ್ವರು ಹೋದರು.

ನೀರು ಇಳಿದ ಮೇಲೆ ಮನೆಯವರ ಕೆಲಸ ಯಾವ ಸುದ್ದಿಯಲ್ಲೂ ಬರುವುದಿಲ್ಲ. ಕೆಸರು ಒಣಗುವ ಮೊದಲೇ ಎಳೆದುಹಾಕಬೇಕು, ತಡವಾದರೆ ಗುದ್ದಲಿಯೇ ಬೇಕಾಗುತ್ತದೆ. ಬಾವಿಯ ನೀರನ್ನು ಪಂಪು ಹಾಕಿ ಪೂರ್ತಿ ತೆಗೆದು ಬ್ಲೀಚಿಂಗ್ ಪುಡಿ ಹಾಕಬೇಕು. ಮೀಟರ್ ಬೋರ್ಡ್ ಒಣಗುವ ತನಕ ಹೆಸ್ಕಾಂನವರು ಲೈನ್ ಕೊಡುವುದಿಲ್ಲ, ಕೊಡಲೂಬಾರದು. ಕಾಳಜಿ ಕೇಂದ್ರದಿಂದ ಬಂದವರು ಮೊದಲು ಹುಡುಕುವುದು ರೇಷನ್ ಕಾರ್ಡು, ಪಾಸ್‌ಬುಕ್ಕು, ಪಹಣಿ. ಹಾನಿ ನೋಡಿ ದಾಖಲಿಸುವ ಪಂಚನಾಮೆಗೆ ಇವೆಲ್ಲ ಬೇಕು. 2019ರಲ್ಲಿ ಸರ್ಕಾರ ಹಾಳಾದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತ್ತು: ಪೂರ್ತಿ ಬಿದ್ದದ್ದಕ್ಕೆ 5 ಲಕ್ಷ, ಅಲ್ಪಸ್ವಲ್ಪ ಹಾನಿಗೆ 50 ಸಾವಿರ, ನೀರು ಹೊಕ್ಕ ಮನೆಗೆ ತಕ್ಷಣಕ್ಕೆ 10 ಸಾವಿರ. ಗೋಡೆಯ ಬುಡ ನೆನೆದು ತಿಂಗಳ ಮೇಲೆ ವಾಲುವ ಮಣ್ಣಿನ ಮನೆ ಪಂಚನಾಮೆಯ ದಿನ ನೆಟ್ಟಗೇ ನಿಂತಿರುತ್ತದೆ. ಆಗ ಅದು ಯಾವ ವರ್ಗ? ಹೊಸ ಮನೆಯ ಹಣವೂ ಕಂತಿನಲ್ಲಿ: ತಳಪಾಯ ಆದ ಮೇಲೆ ಫೋಟೋ, ಗೋಡೆ ಎದ್ದ ಮೇಲೆ ಫೋಟೋ. ಮೊದಲ ಕಂತಿಗೂ ಮುಂಚೆ ಕೈಯಿಂದ ಹಾಕಲು ಹಣ ಇಲ್ಲದವರು ಅಲ್ಲೇ ನಿಂತುಬಿಡುತ್ತಾರೆ. ಇನ್ನು ಜಿಲ್ಲೆಯ ಬಹುಭಾಗ ಅರಣ್ಯ. ಅತಿಕ್ರಮಣದ ಜಾಗದಲ್ಲಿ ತಲೆಮಾರುಗಳಿಂದ ಇರುವವರ ಹೆಸರಲ್ಲಿ ಪಹಣಿಯೇ ಇಲ್ಲ. ನೆರೆಯಲ್ಲಿ ಬಿದ್ದ ಅವರ ಮನೆಗೆ ಪರಿಹಾರ ಕೇಳುವುದೆಂದರೆ ಇಡೀ ಭೂಮಿ ಹಕ್ಕಿನ ಜಗಳವನ್ನೇ ಮತ್ತೆ ಎತ್ತಿದಂತೆ.

ಬಸ್ಸಿನದೂ ಇದೇ ಸರದಿ. ಹುಬ್ಬಳ್ಳಿ, ಮಂಗಳೂರಿನ ಗಾಡಿಗಳು ಮೊದಲು ಹೊರಡುತ್ತವೆ. ಹಳ್ಳಿಯಲ್ಲೇ ಉಳಿದು ಬೆಳಿಗ್ಗೆ ಮಕ್ಕಳನ್ನು ಪೇಟೆಯ ಕಾಲೇಜಿಗೆ ತರುವ ಬಸ್ಸು ಕಿರುಸೇತುವೆ ಗಟ್ಟಿಯಿದೆ ಎಂದು ಯಾರಾದರೂ ಬರೆದುಕೊಡುವವರೆಗೆ ಡಿಪೋದಲ್ಲೇ. ಬರೆದುಕೊಡಬೇಕಾದವರು ಹೆದ್ದಾರಿಯ ಕೆಲಸದಲ್ಲಿ ಇರುತ್ತಾರೆ.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಚಹಾ ಅಂಗಡಿ, ಲಾರಿ, ಟ್ಯಾಂಕರ್ ಸಮೇತ ಗಂಗಾವಳಿಗೆ ಇಳಿಯಿತು. 11 ಜನ ಹೋದರು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಹೊಳೆಯಲ್ಲಿ ಮುಳುಗಿದ್ದ ಕೇರಳದ ಲಾರಿಯೂ ಚಾಲಕನ ದೇಹವೂ ಸಿಕ್ಕದ್ದು ಗೋವಾದಿಂದ ಡ್ರೆಜ್ಜರ್ ಬಂದ ಮೇಲೆ, ಸೆಪ್ಟೆಂಬರ್ 25ಕ್ಕೆ. ಅಷ್ಟರಲ್ಲಿ ಹೆದ್ದಾರಿ ತೆರೆದಾಗಿತ್ತು. ಮುಚ್ಚಿದ್ದ ದಿನಗಳಲ್ಲಿ ಕರಾವಳಿಯ ವಾಹನಗಳನ್ನು ಹೊತ್ತದ್ದು ಹಿಲ್ಲೂರು–ಮಾದನಗೇರಿಯಂಥ ಒಳರಸ್ತೆಗಳು; ಆ ರಸ್ತೆಯ ಗುಂಡಿಗಳು ಆ ಊರಿನವರ ಪಾಲಿಗೆ ಉಳಿದವು. ಹೊಳೆಯ ನಡುವೆ ದಿಬ್ಬವಾಗಿ ನಿಂತ ಮಣ್ಣು ಮುಂದಿನ ಮಳೆಗೆ ನೀರನ್ನು ಯಾವ ದಡಕ್ಕೆ ತಳ್ಳೀತು ಎಂಬುದು ಉಳುವರೆಯವರ ಭಯವಾಗಿತ್ತು. ಶಿರೂರಿನ ಗದ್ದಲ ಮುಗಿಯುವ ಮೊದಲೇ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕೋಡಿಬಾಗ–ಸದಾಶಿವಗಡದ ನಡುವಿನ ನಾಲ್ಕು ದಶಕದ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕ ಬದುಕಿದ. ಪಕ್ಕದಲ್ಲೇ ಹೊಸ ಸೇತುವೆ ಇದ್ದುದರಿಂದ ಅದರಲ್ಲೇ ಎರಡೂ ಕಡೆಯ ವಾಹನ ಬಿಟ್ಟು ಗೋವಾದ ದಾರಿ ಬೇಗ ಸರಿಹೋಯಿತು. ನದಿಯೊಳಗೆ ಬಿದ್ದ ಕಾಂಕ್ರೀಟಿನ ನಡುವೆ ದೋಣಿ ನಡೆಸಬೇಕಾದ ಮೀನುಗಾರರಿಗೆ ಹಾಗಾಗಲಿಲ್ಲ.

ನನ್ನ ಮಟ್ಟಿಗೆ ಕಣ್ಣಿಗೆ ಬೀಳುವುದು ಇದು: ಪ್ರತಿ ನೆರೆಯ ಬಳಿಕವೂ ರಸ್ತೆಯನ್ನು ಸ್ವಲ್ಪ ಎತ್ತರಿಸುತ್ತೇವೆ, ಗೋಡೆ ಕಟ್ಟುತ್ತೇವೆ, ಕುಸಿದ ಮಣ್ಣನ್ನು ಹತ್ತಿರದ ತಗ್ಗಿಗೆ ಸುರಿಯುತ್ತೇವೆ. ರಸ್ತೆಯ ಮಟ್ಟಿಗೆ ಕೆಲಸ ಆಯಿತು. ಆ ತಗ್ಗು ಅನೇಕ ಕಡೆ ನೀರು ನಿಲ್ಲುತ್ತಿದ್ದ ಜಾಗ. ಕುಮಟಾದ ಅಘನಾಶಿನಿಯ ಅಳಿವೆಯ ಸುತ್ತಲಿನ ಗಜನಿ ಗದ್ದೆಗಳನ್ನು, ಅಂದರೆ ಉಪ್ಪುನೀರು ಬರುವ ತಗ್ಗು ಗದ್ದೆಗಳನ್ನು, ನೋಡಿ. ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯಲು ಒಡ್ಡು ಕಟ್ಟಿ, ತೂಬಿನಂಥ ಜಂತ್ರಡಿಯ ಹಲಗೆ ಎತ್ತಿ ಇಳಿಸಿ, ಭರತ-ಇಳಿತ ನೋಡಿ ನೀರನ್ನು ಒಳಬಿಡುತ್ತಿದ್ದರು, ಹೊರಬಿಡುತ್ತಿದ್ದರು. ನೆರೆಯ ದಿನ ಅಷ್ಟೂ ಬಯಲು ಹೊಳೆಯ ಹೆಚ್ಚುವರಿ ನೀರಿಗೆ ಜಾಗ. ಒಡ್ಡು ಒಡೆದು ಗದ್ದೆ ಪಾಳು ಬಿದ್ದಲ್ಲಿ, ಮಣ್ಣು ತುಂಬಿ ನಿವೇಶನವಾದಲ್ಲಿ ಆ ನೀರು ಹೋಗುವುದು ಕೇರಿಗೆ.

ಕಾರವಾರದ ದಕ್ಷಿಣಕ್ಕೆ ಅರಗಾ, ಚೆಂಡಿಯಾದಲ್ಲಿ ಇದು ಇನ್ನೂ ಸ್ಪಷ್ಟ. ಸಹ್ಯಾದ್ರಿಯ ಗುಡ್ಡದಿಂದ ಇಳಿಯುವ ಹಳ್ಳ ಕೆಲವೇ ಕಿಲೋಮೀಟರಿನಲ್ಲಿ ರೈಲು ಹಳಿಯ ಅಡಿ ನುಸುಳಿ, ಹೆದ್ದಾರಿಯ ಮೋರಿ ದಾಟಿ, ನೌಕಾನೆಲೆಯ ಆವರಣ ಹೊಕ್ಕು ಕಡಲು ಸೇರಬೇಕು. ಮಳೆ ಜೋರಾದಾಗ ಹೆದ್ದಾರಿಯೂ ಮನೆಗಳೂ ಒಟ್ಟಿಗೆ ಮುಳುಗುತ್ತವೆ; ಆವರಣದ ಗೋಡೆಯೇ ನೀರನ್ನು ತಡೆಯುತ್ತದೆ ಎಂಬುದು ಅಲ್ಲಿಯವರ ಹಳೆಯ ದೂರು. ಹಳಿಯಡಿಯ ಕಿಂಡಿ ರೈಲ್ವೆಯದು, ಮೋರಿ ಹೆದ್ದಾರಿ ಪ್ರಾಧಿಕಾರದ್ದು, ಗೋಡೆಯಾಚೆಯದು ರಕ್ಷಣಾ ಇಲಾಖೆಯದು, ಇವುಗಳ ನಡುವಿನ ತುಣುಕು ಪಂಚಾಯಿತಿಯದು. ಮಳೆಗಾಲಕ್ಕೆ ಮುಂಚೆ ಜಿಲ್ಲಾಧಿಕಾರಿ ಕರೆಯುವ ಸಭೆಯಲ್ಲಿ ಪ್ರತಿ ಇಲಾಖೆಯೂ ತನ್ನ ಪಾಲಿನದು ಸ್ವಚ್ಛವಾಗಿದೆ ಎಂದು ಹೇಳಬಹುದು, ಅದು ನಿಜವೂ ಇರಬಹುದು. ಗುಡ್ಡದಿಂದ ಕಡಲಿನವರೆಗೆ ಒಂದೊಂದು ಹಳ್ಳಕ್ಕೂ ಒಂದೇ ಕಡತ, ಮೇ ತಿಂಗಳಲ್ಲಿ ಅದರ ಗುಂಟ ನಡೆದು ನೋಡಿ ಸಹಿ ಹಾಕುವ ಒಬ್ಬ ಅಧಿಕಾರಿ ಇಲ್ಲದಿದ್ದರೆ ಚೆಂಡಿಯಾದವರು ಪ್ರತಿ ಜೂನ್‌ನಲ್ಲಿ ದೂರು ಬರೆಯಬೇಕಾದದ್ದು ನಾಲ್ಕು ವಿಳಾಸಕ್ಕೆ.