ಪಿಯುಸಿಗೆ ಸೇರಿದ ಮೇಲೆ ಮಗಳು ಬೇರೆ ಯಾರೋ ಆಗಿಬಿಟ್ಟಿದ್ದಾಳೆ, ಯಾಕೆ?

ಪ್ರಶ್ನೆ: ಮಗಳು ಹತ್ತನೇ ಕ್ಲಾಸಿನವರೆಗೆ ಊರಿನ ಕನ್ನಡ ಮೀಡಿಯಂ ಶಾಲೆಯಲ್ಲಿ ಓದಿದಳು. ಯಾವಾಗಲೂ ಕ್ಲಾಸಿಗೆ ಫಸ್ಟ್. ಈಗ ಪೇಟೆಯ ಕಾಲೇಜಿನಲ್ಲಿ ಪಿಸಿಎಂಬಿ. ಮೂರು ತಿಂಗಳಿಂದ ಮನೆಯಲ್ಲಿ ಸರಿಯಾಗಿ ಮಾತಿಲ್ಲ. ಏನಾದರೂ ಕೇಳಿದರೆ "ನಾನು ಯಾವುದಕ್ಕೂ ಲಾಯಕ್ಕಿಲ್ಲ, ಬಿಡಮ್ಮ" ಅನ್ನುತ್ತಾಳೆ. ಇದು ಬರೀ ಓದಿನ ಟೆನ್ಷನ್ನಾ?

ಉತ್ತರ: ಓದಿನ ಟೆನ್ಷನ್ ಇದ್ದೇ ಇದೆ. ಆದರೆ ಅವಳ ಮಾತನ್ನು ಇನ್ನೊಮ್ಮೆ ಕೇಳಿ. "ಫಿಸಿಕ್ಸ್ ತಲೆಗೆ ಹೋಗ್ತಿಲ್ಲ" ಅಂದಿದ್ದರೆ ಅದು ಪಾಠದ ಕಷ್ಟ. ಅವಳು ಹೇಳುತ್ತಿರುವುದು "ನಾನು ಲಾಯಕ್ಕಿಲ್ಲ" ಅಂತ. ಅಂದರೆ ಪೆಟ್ಟು ಬಿದ್ದಿರುವುದು "ನಾನು" ಅನ್ನುವ ಜಾಗಕ್ಕೆ.

ಹತ್ತು ವರ್ಷ ಅವಳು ಯಾರು ಅಂತ ಕೇಳಿದರೆ ಎಲ್ಲರ ಬಳಿಯೂ ಒಂದೇ ಉತ್ತರವಿತ್ತು: ಕ್ಲಾಸಿಗೆ ಫಸ್ಟ್ ಬರುವ ಹುಡುಗಿ. ಮೇಷ್ಟ್ರಿಗೂ ಅಷ್ಟೇ, ಪಕ್ಕದ ಮನೆಯವರಿಗೂ ಅಷ್ಟೇ, ಬಹುಶಃ ನಿಮಗೂ ಅಷ್ಟೇ. ಜೂನ್‌ನಲ್ಲಿ ಆ ಉತ್ತರ ಒಂದೇ ಏಟಿಗೆ ಕುಸಿಯಿತು. ನಿನ್ನೆಯವರೆಗೆ ದ್ಯುತಿಸಂಶ್ಲೇಷಣೆ ಆಗಿದ್ದದ್ದು ಈಗ ಫೋಟೋಸಿಂಥೆಸಿಸ್. ವೇಗೋತ್ಕರ್ಷ ಹೋಗಿ ಆಕ್ಸಲರೇಶನ್ ಬಂತು. ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ಕೈ ಎತ್ತಿ ಕೇಳೋಣ ಅಂದರೆ ಇಂಗ್ಲಿಷ್ ಬಾಯಿಗೆ ಬರುವುದಿಲ್ಲ. ಪಕ್ಕದವಳು ಪಟಪಟ ಉತ್ತರ ಹೇಳುತ್ತಾಳೆ. ಜಾಣೆಯಾಗಿದ್ದವಳು ಮೂರೇ ವಾರದಲ್ಲಿ ದಡ್ಡಿಯಾಗಿಬಿಟ್ಟಳು, ಅವಳ ಕಣ್ಣಿಗೆ.

ಈ ವಯಸ್ಸಿನಲ್ಲಿ ಇದು ಇಷ್ಟು ಆಳಕ್ಕೆ ಇಳಿಯಲು ಕಾರಣವಿದೆ. "ನಾನು ಯಾರು, ಏನಾಗಬೇಕು" ಅನ್ನುವ ಹುಡುಕಾಟ ಜೋರಾಗುವುದು ಹದಿಹರೆಯದಲ್ಲೇ. ಹಾಗಂತ ಹೇಳಿದವರು ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್. ಐಡೆಂಟಿಟಿ ಕ್ರೈಸಿಸ್ ಅಂತ ಈಗ ಎಲ್ಲರೂ ಬಳಸುವ ಮಾತೂ ಅವರಿಂದಲೇ ಬಂದದ್ದು. ಅವರ ಬದುಕೇ ಒಂದು ಪಾಠ. 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ಹೆತ್ತ ತಂದೆ ಯಾರೆಂದು ಕೊನೆಗೂ ತಿಳಿಯಲಿಲ್ಲ. ಸಾಕಿದ ತಂದೆ ಯಹೂದಿ. ಹುಡುಗನದು ಹೊಂಬಣ್ಣದ ಕೂದಲು, ನೀಲಿ ಕಣ್ಣು. ಶಾಲೆಯಲ್ಲಿ ಯಹೂದಿ ಅಂತ ಆಡಿಕೊಂಡರು, ಯಹೂದಿಗಳ ಪ್ರಾರ್ಥನಾಮಂದಿರದಲ್ಲಿ ನಮ್ಮವನಲ್ಲ ಅಂದರು. ಶಾಲೆ ಮುಗಿದ ಮೇಲೆ ಚಿತ್ರ ಬರೆಯುತ್ತಾ ಯುರೋಪ್ ಸುತ್ತಿದರು. ನಮ್ಮಲ್ಲಾಗಿದ್ದರೆ ಪೋಲಿ ತಿರುಗ್ತಾನೆ ಅನ್ನುತ್ತಿದ್ದೆವು, ಅಲ್ವಾ? ಎರಿಕ್ಸನ್ ಅನ್ನುವ ಹೆಸರನ್ನೂ ಅವರು ಇಟ್ಟುಕೊಂಡದ್ದು 1939ರಲ್ಲಿ, ಅಮೆರಿಕದ ಪ್ರಜೆಯಾದಾಗ.

ಅವರ ವಿಚಾರವನ್ನೇ ಹಿಡಿದು 1966ರಲ್ಲಿ ಜೇಮ್ಸ್ ಮಾರ್ಸಿಯಾ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಕಾಲೇಜು ಹುಡುಗರನ್ನು ಮಾತಾಡಿಸಿದರು. ನಾಲ್ಕು ಬಗೆಯವರು ಸಿಕ್ಕರು. ಹುಡುಕಿ ತೀರ್ಮಾನಕ್ಕೆ ಬಂದವರು, ಇನ್ನೂ ಹುಡುಕುತ್ತಿರುವವರು, ಹುಡುಕದೆಯೇ ಮನೆಯವರು ಹೇಳಿದ್ದನ್ನು ಒಪ್ಪಿಕೊಂಡವರು, ಮತ್ತೆ ಯಾವುದರ ಗೊಡವೆಗೂ ಹೋಗದವರು. ಆಮೇಲೆ ನಡೆದ ಎಷ್ಟೋ ಅಧ್ಯಯನಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಂಡಿದೆ. ಆತಂಕ ಜಾಸ್ತಿ ಇರುವುದು ಹುಡುಕುತ್ತಿರುವವರಲ್ಲಿ. ಕಡಿಮೆ ಇರುವುದು, ಹೇಳಿದ್ದಕ್ಕೆ ಹೂಂ ಅಂದವರಲ್ಲಿ. ಹಾಗಾಗಿ "ನಮ್ಮ ಮಗ ಏನೂ ತೊಂದರೆ ಕೊಡಲ್ಲ, ಡಾಕ್ಟರ್ ಆಗು ಅಂದ್ವಿ, ಆಯ್ತು ಅಂದ" ಅನ್ನುವ ಮನೆಯಲ್ಲಿ ಎಲ್ಲ ಸರಿಯಿದೆ ಅಂತ ಹೇಳಲಾಗದು. ಆ ಹುಡುಗ ಇನ್ನೂ ಹುಡುಕಲು ಶುರು ಮಾಡಿಲ್ಲ ಅಷ್ಟೇ ಇರಬಹುದು.

ಅಂದರೆ ಸ್ವಲ್ಪ ಒತ್ತಡ ಹುಡುಕಾಟದ ಜೊತೆಯಲ್ಲೇ ಬರುತ್ತದೆ. ಅದು ರೋಗವಲ್ಲ. ಕಷ್ಟವಾಗುವುದು ಒತ್ತಡ ಜಾಸ್ತಿಯಾಗಿ ಹುಡುಕಾಟವೇ ನಿಂತಾಗ. ಆಗ ಮನಸ್ಸು ಗಾಣದ ಎತ್ತಿನ ಹಾಗೆ ಸುತ್ತಿದ್ದಲ್ಲೇ ಸುತ್ತುತ್ತದೆ. "ಸೈನ್ಸ್ ತಗೊಂಡು ತಪ್ಪು ಮಾಡಿದ್ನಾ, ಬಿಟ್ಟರೆ ಏನಂತಾರೆ, ತಪ್ಪು ಮಾಡಿದ್ನಾ..." ಯೋಚನೆ ಮಾಡಿದಂತೆ ಕಾಣುತ್ತದೆ, ಒಂದಡಿಯೂ ಮುಂದೆ ಹೋಗಿರುವುದಿಲ್ಲ. ಸಾಲದ್ದಕ್ಕೆ ಈ ವಯಸ್ಸಿನಲ್ಲಿ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿರುತ್ತದೆ. ಒಂದು ತಪ್ಪು ಉತ್ತರಕ್ಕೆ ಇಡೀ ಕ್ಲಾಸು ನಕ್ಕಂತೆ ಕೇಳಿಸುತ್ತದೆ. ಆವೇಗ ತಡೆದು, ಮುಂದಿನದನ್ನು ಅಳೆದು ನೋಡುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು. ನಿದ್ದೆ ಬರುವ ಹೊತ್ತೂ ಈ ವಯಸ್ಸಿನಲ್ಲಿ ತಡವಾಗುತ್ತದೆ, ಬಸ್ಸು ಮಾತ್ರ ಬೆಳಿಗ್ಗೆ ಬೇಗ ಬರುತ್ತದೆ.

ನೀವೇನು ಮಾಡಬಹುದು? ಮೊದಲು ಭಾಷೆಯ ಕಷ್ಟವನ್ನೂ ಬುದ್ಧಿಯನ್ನೂ ಬೇರೆ ಬೇರೆ ಮಾಡಿಕೊಡಿ. ಹತ್ತನೇ ಕ್ಲಾಸಿನ ಕನ್ನಡ ಪುಸ್ತಕವನ್ನು ಹೊಸ ಪುಸ್ತಕದ ಪಕ್ಕದಲ್ಲಿಟ್ಟು, ದಿನಕ್ಕೆ ಹತ್ತು ಪದ ಜೋಡಿಸಿ ಬರೆದುಕೊಳ್ಳಲಿ. ಹಳೆಯ ಪಾಠ ತನಗೆ ಗೊತ್ತೇ ಇತ್ತು ಅನ್ನುವುದು ಅವಳಿಗೇ ಕಾಣುತ್ತದೆ. ನೂರು ಸಲ "ನೀನು ಜಾಣೆ" ಅನ್ನುವುದಕ್ಕಿಂತ ಇದು ಮೇಲು. ನಿಜ ಹೇಳಬೇಕೆಂದರೆ, "ನೀನು ಜಾಣೆ" ಅನ್ನುವುದನ್ನು ಸ್ವಲ್ಪ ದಿನ ಬಿಟ್ಟೇಬಿಡಿ. ಅವಳನ್ನು ಕಟ್ಟಿಹಾಕಿರುವುದೇ ಆ ಮಾತು.

ಎರಡನೆಯದು, ಮಾರ್ಕ್ಸ್ ಬಿಟ್ಟು ಅವಳಲ್ಲಿ ಇನ್ನೇನಿದೆ ಅಂತ ನೋಡಿ. ಕೊಕ್ಕೋ ಆಡುತ್ತಿದ್ದಳಾ? ಹಾಡುತ್ತಿದ್ದಳಾ? "ಪಿಯುಸಿ ಎರಡು ವರ್ಷ ಅದೆಲ್ಲ ಬಂದ್" ಅಂತ ನಿಲ್ಲಿಸಿದ್ದರೆ ಮತ್ತೆ ಶುರು ಮಾಡಿಸಿ. ಒಂದೇ ಕಂಬದ ಮೇಲೆ ನಿಂತ ಮನೆಗೆ ಆ ಕಂಬ ಅಲುಗಿದರೆ ಬೇರೆ ಆಸರೆ ಇರುವುದಿಲ್ಲ.

ಅವಳು "ಕಾಮರ್ಸ್‌ಗೆ ಹೋಗ್ಲಾ?" ಅಂದರೆ ಎಗರಿ ಬೀಳಬೇಡಿ. ಅದು ಸೋಲಿನ ಮಾತೇ ಆಗಿರಬೇಕಿಲ್ಲ. ಯಾಕೆ, ಅಲ್ಲಿ ಏನು ಇಷ್ಟ ಅಂತ ಕೇಳಿ. ಉತ್ತರ ಸಿಗದಿದ್ದರೂ ಪರವಾಗಿಲ್ಲ, ಕೇಳಿದ್ದು ಲೆಕ್ಕಕ್ಕೆ ಬರುತ್ತದೆ.

ಎಚ್ಚರಿಕೆಯ ಒಂದು ಮಾತು. ವಾರಗಟ್ಟಲೆ ಊಟ, ನಿದ್ದೆ ಸರಿಯಿಲ್ಲದಿದ್ದರೆ, ಗೆಳತಿಯರನ್ನೂ ದೂರ ಮಾಡುತ್ತಿದ್ದರೆ, ಮೈಮೇಲೆ ಗಾಯ ಕಂಡರೆ ಕಾಯುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ನೇರವಾಗಿಯೇ ಕೇಳಿ, ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೇಳಿದರೆ ತಲೆಗೆ ಹುಳ ಬಿಟ್ಟ ಹಾಗಾಗುತ್ತದೆ ಅನ್ನುವ ಭಯ ಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ಶುಲ್ಕವಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಗಳು ಒಪ್ಪದಿದ್ದರೆ ಮೊದಲು ನೀವೇ ಫೋನ್ ಮಾಡಿ.