ಚಿತ್ರದಲ್ಲಿ ಏನೂ ಕಾಣುತ್ತಿಲ್ಲ, ರೂಮಿ ಎಲ್ಲಿದ್ದಾನೆ?

ಪ್ರಶ್ನೆ: ಕ್ಯಾನ್ವಾಸ್ ತುಂಬ ನೀಲಿ ಮಂಜು. ಪಕ್ಕದ ಚೀಟಿಯಲ್ಲಿ ‘ರೂಮಿಯ ಕಾವ್ಯದಿಂದ ಪ್ರೇರಿತ’ ಅಂತ ಬರೆದಿರುತ್ತದೆ. ಕೊಳಲಿಲ್ಲ, ಮಧುಪಾತ್ರೆಯಿಲ್ಲ, ಒಂದು ಹಕ್ಕಿಯೂ ಇಲ್ಲ. ಕವಿತೆ ಎಲ್ಲಿದೆ? ನಮ್ಮನ್ನು ಮಂಗ ಮಾಡುತ್ತಿದ್ದಾರೆಯೇ?

ಉತ್ತರ: ಕೆಲವರು ಮಾಡುತ್ತಾರೆ, ನಿಜ. ಚಿತ್ರ ಮುಗಿದ ಮೇಲೆ ಹೆಸರಿಗೆ ತಡಕಾಡಿ ಪಾರ್ಸಿಯ ಸೂಫಿ ಕವಿ ರೂಮಿಯ ಚೀಟಿ ಅಂಟಿಸಿದ ಕ್ಯಾನ್ವಾಸುಗಳನ್ನು ನಾನೂ ನೋಡಿದ್ದೇನೆ. ಅವನ್ನು ಬಿಡಿ. ಕಲಾವಿದೆ ಶಿರಾಜೆ ಹೂಶಿಯಾರಿ ಅವರ ಚಿತ್ರಗಳನ್ನು ತೆಗೆದುಕೊಳ್ಳೋಣ. ಪಾರ್ಸಿ ಕವಿಗಳಾದ ಹಾಫಿಜ್, ಸಾದಿ ಇಬ್ಬರ ಸಮಾಧಿಯೂ ಇರುವ ಇರಾನಿನ ಶಿರಾಜ್‌ನಲ್ಲಿ 1955ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ನೆಲೆಸಿದವರು. 1994ರಲ್ಲಿ ಬ್ರಿಟನ್ನಿನ ಹೆಸರಾಂತ ಕಲಾ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಅವರ ಹೆಸರಿತ್ತು.

ಅವರ ಚಿತ್ರ ದೂರದಿಂದ ಕನ್ನಡಿಯ ಮೇಲೆ ಊದಿದ ಉಸಿರಿನಂತೆ ಕಾಣುತ್ತದೆ. ಹತ್ತಿರ ಹೋದರೆ ಆ ಮಂಜೆಲ್ಲ ಬರವಣಿಗೆ! ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಅದರ ಮೇಲೆ ಬಾಗಿ, ಕೂದಲೆಳೆಯಷ್ಟು ಸಣ್ಣ ಗೆರೆಯಲ್ಲಿ ಪೆನ್ಸಿಲಿನಿಂದ ಬರೆದದ್ದು. ಇರುವುದು ಎರಡೇ ಅರಬ್ಬಿ ಮಾತು. ಒಂದು ಹೌದೆನ್ನುತ್ತದೆ, ಇನ್ನೊಂದು ಅಲ್ಲವೆನ್ನುತ್ತದೆ: ‘ನಾನಿದ್ದೇನೆ’, ‘ನಾನಿಲ್ಲ’. ಒಂದರ ಮೇಲೊಂದು, ಲೆಕ್ಕವಿಲ್ಲದಷ್ಟು ಸಲ ಬರೆದು ಬರೆದು ಕೊನೆಗೆ ಎರಡನ್ನೂ ಓದಲಾಗುವುದಿಲ್ಲ. ಮೊಬೈಲಿನಲ್ಲಿ ನೋಡಿದರೆ ಇದು ಬರೀ ಮಾಸಿದ ಕಲೆ. ನಿಮ್ಮ ದೂರಿನಲ್ಲಿ ಅರ್ಧ ಪಾಲು ಮೊಬೈಲಿನದೇ ಇರಬಹುದು.

ಇಸ್ಲಾಮಿನ ಅನುಭಾವಿಗಳಾದ ಸೂಫಿಗಳ ಜಿಕ್ರ್‌ನಲ್ಲೂ, ಅಂದರೆ ದೇವರ ನಾಮಸ್ಮರಣೆಯಲ್ಲೂ, ಮೊದಲು ನಿರಾಕರಣೆ, ಆಮೇಲೆ ಒಪ್ಪಿಗೆ. ‘ದೇವರಿಲ್ಲ’ ಎಂದು ಶುರುವಾಗಿ ‘ಅಲ್ಲಾಹನ ಹೊರತು’ ಎಂದು ಮುಗಿಯುವ ನುಡಿಯನ್ನು ಉಸಿರಿನ ಲಯಕ್ಕೆ ಕೂಡಿಸಿ ಹೇಳುತ್ತಾ ಹೋಗುತ್ತಾರೆ. ಹೀಗೆ ಹೇಳುತ್ತಾ ಹೇಳುತ್ತಾ ‘ನಾನು’ ಕರಗುವ ಸ್ಥಿತಿಗೆ ‘ಫನಾ’ ಎಂದು ಹೆಸರು. ರೂಮಿಯ ಕಾವ್ಯ ಸುತ್ತುವುದೂ ಅದರ ಸುತ್ತಲೇ. ಹೂಶಿಯಾರಿ ಕವಿತೆಯ ದೃಶ್ಯವನ್ನು ಬಿಡಿಸುವುದಿಲ್ಲ, ಕವಿತೆ ಹೇಳಿದ್ದನ್ನು ಕೈಯಿಂದ ಮಾಡುತ್ತಾರೆ. ರೂಮಿಯಾದರೂ ಎಂಥವನು? ‘ಮಸ್ನವಿ’ ಎಂಬ ದೀರ್ಘಕಾವ್ಯವೊಂದರಲ್ಲೇ ಸುಮಾರು 25,000 ದ್ವಿಪದಿ ನುಡಿದವನು, ತನ್ನ ಎಷ್ಟೋ ಗಜಲುಗಳ ಕೊನೆಗೆ ‘ಖಾಮೋಶ್’, ಸುಮ್ಮನಿರು, ಎಂದು ತನಗೇ ಹೇಳಿಕೊಳ್ಳುತ್ತಾನೆ. ಮಾತು ಸಾಲದು ಎಂದು ಕವಿಯೇ ಕೈಚೆಲ್ಲಿದ ಮೇಲೆ ಚಿತ್ರದಲ್ಲಿ ಕೊಳಲನ್ನು ಹುಡುಕಿ ಏನು ಫಲ?

ಈ ಬರೆದು ಅಳಿಸುವ ಚಾಳಿ ಇವತ್ತಿನದಲ್ಲ. ಇರಾನಿನ ಲಿಪಿಕಾರರಲ್ಲಿ ‘ಸಿಯಾ ಮಶ್ಕ್’, ಅಂದರೆ ಕಪ್ಪು ಅಭ್ಯಾಸ, ಎಂಬ ರೂಢಿಯಿತ್ತು. ನಾವು ಸ್ಲೇಟಿನ ಮೇಲೆ ‘ಅ’ ತಿದ್ದಿ ತಿದ್ದಿ ದಪ್ಪ ಮಾಡಿದ್ದು ನೆನಪಿದೆಯಲ್ಲ? ಹಾಗೆಯೇ. ಅದೇ ಅಕ್ಷರ, ಅದೇ ಸಾಲು, ಹಾಳೆಯನ್ನು ಓರೆಯಾಗಿ, ತಲೆಕೆಳಗಾಗಿ ತಿರುಗಿಸಿ ಬಿಳಿ ಜಾಗ ತೀರುವವರೆಗೆ ಬರೆಯುವುದು. ಕೈ ಪಳಗಿಸಲು ಹುಟ್ಟಿದ್ದು ಬರಬರುತ್ತ ಚೌಕಟ್ಟು ಹಾಕಿ ಇಡುವ ಕಲೆಯಾಯಿತು. 1960ರ ದಶಕದಲ್ಲಿ ಇರಾನಿನ ಕಲಾವಿದ ಹುಸೇನ್ ಜಂದರೂದಿಯಂಥವರು ಅಕ್ಷರದಿಂದ ಅರ್ಥ ಕಳಚಿ ಆಕಾರವನ್ನಷ್ಟೇ ಉಳಿಸಿಕೊಂಡರು. ಶಿಲ್ಪಿ ಪರ್ವೀಜ್ ತನಾವೊಲಿ ‘ಹೀಚ್’ ಎಂಬ, ಪಾರ್ಸಿ ಲಿಪಿಯಲ್ಲಿ ಮೂರಕ್ಷರದ ಪದವನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿದರು, ಪಂಜರದಲ್ಲೂ ಇಟ್ಟರು. ಹೀಚ್ ಅಂದರೆ ‘ಏನೂ ಇಲ್ಲ’. ನನಗಂತೂ ಅದನ್ನು ನೋಡಿದಾಗಲೆಲ್ಲ ನಗು ಬರುತ್ತದೆ.

ಇಷ್ಟು ದೂರದ್ದು ಯಾಕೆ ಎನ್ನುವವರು ಬೀದರಿನ ಪಕ್ಕದ ಅಷ್ಟೂರಿಗೆ ಹೋಗಿಬನ್ನಿ. ಅಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಗುಮ್ಮಟವಿದೆ. ಕೆರ್ಮಾನಿನ ಸೂಫಿ ಕವಿ ಷಾ ನಿಯಾಮತುಲ್ಲಾನನ್ನು ಗುರುವೆಂದು ನಂಬಿದ್ದ ದೊರೆ ಅವನು. ಒಳಗೆ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಕೆಂಪು, ನೀಲಿ, ಹೊನ್ನಿನ ಬಣ್ಣದಲ್ಲಿ ಗೋಡೆಯಿಂದ ಗುಮ್ಮಟದವರೆಗೆ ಅಕ್ಷರದ ಪಟ್ಟಿಗಳು, ಬಳ್ಳಿಗಳು. ಓದಲು ಬಾರದ ನನಗೆ ಎಲ್ಲಿ ಅಕ್ಷರ ಮುಗಿದು ಎಲ್ಲಿ ಬಳ್ಳಿ ಶುರುವಾಯಿತೋ ತಿಳಿಯಲಿಲ್ಲ.

ಸುತ್ತಲಿನ ಊರಿನವರು ಈ ಸುಲ್ತಾನನನ್ನು ಅಲ್ಲಮಪ್ರಭು ಅಂತಲೂ ನಂಬಿ ನಡೆದುಕೊಳ್ಳುತ್ತಾರೆ. ಪಕ್ಕದಲ್ಲಿ ಕೈಮುಗಿದು ನಿಂತಿದ್ದ ಅಜ್ಜಿಯೊಬ್ಬರನ್ನು ಕೇಳಿದೆ, “ಏನ್ ಬರ್ದಾರ್ರೀ ಇದು?” ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಓದಾಕ್ ಬಂದೀ ಏನ್, ನೋಡಾಕ್ ಬಂದೀ?”