ವಾಡೆ ಮತ್ತು ಮನಿ

ಗದಗ, ಹಾವೇರಿ ಕಡೆಯ ಹಳ್ಳಿಗಳಲ್ಲಿ ದಾರಿ ಕೇಳಿದರೆ ಒಂದು ಮಾತು ಆಗಾಗ ಬರುತ್ತದೆ: ‘ವಾಡೇದ ಮುಂದ ಹಾದು ಎಡಕ್ಕ ಹೊಳ್ರಿ.’ ಮೈಸೂರು ಕಡೆಯ ಗೆಳೆಯನೊಬ್ಬ ಇದನ್ನು ಕೇಳಿ ತಬ್ಬಿಬ್ಬಾಗಿದ್ದ. ಅವರಲ್ಲಿ ವಾಡೆ ಅಂದರೆ ಕಾಳು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ. ನಮ್ಮಲ್ಲಿ ಅದು ದೇಸಾಯರು, ನಾಡಗೌಡರು, ಊರಗೌಡರು ಇದ್ದ ಕಟ್ಟಡ.

ಸುಮ್ನೆ ‘ದೊಡ್ಡ ಮನೆ’ ಅಂದರೆ ಸಾಲದು. ಹುಬ್ಬಳ್ಳಿಯಲ್ಲಿ ಇವತ್ತು ಮೂರು ಅಂತಸ್ತು ಕಟ್ಟಿಸಿದರೂ ಜನ ಅದನ್ನು ಬಂಗ್ಲೆ ಅಂತಾರೆ, ವಾಡೆ ಅನ್ನುವುದಿಲ್ಲ. ವಾಡೆಗೆ ಬೇಕಾದ್ದು ಎತ್ತರವಲ್ಲ, ಸುತ್ತಲಿನ ಗೋಡೆ. ಸಂಸ್ಕೃತದ ‘ವಾಟ’ ಅಂದರೆ ಬೇಲಿಯೋ ಗೋಡೆಯೋ ಸುತ್ತುಗಟ್ಟಿದ ಜಾಗ. ಅದೇ ಮರಾಠಿಯಲ್ಲಿ ವಾಡಾ. 1732ರಲ್ಲಿ ಕಟ್ಟಿದ ಪುಣೆಯ ಶನಿವಾರವಾಡಾ ಎಲ್ಲರಿಗೂ ಗೊತ್ತು. ಧಾರವಾಡದ ಹೆಸರನ್ನೂ ‘ದ್ವಾರವಾಟ’ ಎಂದು ಬಿಡಿಸುವ ರೂಢಿ ಇದೆ. ಗದುಗಿನ ನಾರಣಪ್ಪನ ಊರು ಕೋಳಿವಾಡದಲ್ಲೂ ‘ವಾಡ’ ಇದೆ. ಅಲ್ಲಿ ಅದು ಒಂದು ಕಟ್ಟಡವಲ್ಲ, ಇಡೀ ಊರು.

ಹಳೆಯ ವಾಡೆಯ ಬಾಗಿಲ ಮುಂದೆ ನಿಂತರೆ ಈ ಅರ್ಥ ಕಣ್ಣಿಗೇ ಕಾಣುತ್ತದೆ. ಬಂಡಿ ಹಾಯುವಷ್ಟು ದೊಡ್ಡ ಕದ, ಮೈತುಂಬ ಕಬ್ಬಿಣದ ಮೊಳೆ. ಆ ಕದದಲ್ಲೇ ಒಂದು ಸಣ್ಣ ದಿಡ್ಡಿ ಬಾಗಿಲು. ದಿನದ ಓಡಾಟವೆಲ್ಲ ಅದರಲ್ಲೇ. ದಾಟಿದರೆ ಅಂಗಳ, ಆಮೇಲೆ ಕಟ್ಟಿಗೆ ಕಂಬಗಳ ಪಡಸಾಲಿ. ಊರ ನ್ಯಾಯ, ಕಂದಾಯದ ಲೆಕ್ಕ ನಡೆಯುತ್ತಿದ್ದದ್ದು ಇಲ್ಲೇ. ಒಲೆ, ದೇವರು, ಬಾಣಂತನ ಇನ್ನೂ ಒಳಗೆ.

ಹೀಗೆ ಒಳಗೆ ಹೋದಂತೆಲ್ಲ ‘ವಾಡೆ’ ಹಿಂದೆ ಉಳಿದು ‘ಮನಿ’ ಶುರುವಾಗುತ್ತದೆ. ಹಾವೇರಿ ಕಡೆಯ ಒಂದು ವಾಡೆಯ ದಿಡ್ಡಿ ಬಾಗಿಲಲ್ಲಿ ನಾನು ನಿಂತಿದ್ದಾಗ ಒಳಗಿಂದ ಅಜ್ಜಿಯೊಬ್ಬರು ಕರೆದರು: ‘ಬಾಗಿ ಬಾರಪಾ, ನಮ್ಮ ಮನಿ ಬಾಗಲಾ ಗಿಡ್ಡ ಐತಿ.’ ಊರಿಗೆಲ್ಲ ಅದು ವಾಡೆ, ಅವರಿಗೆ ಮನಿ. ‘ನನ್ನ ವಾಡೆ’ ಅಂತ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಮನೆ ನಮ್ಮದೇ ಹಳೆಯ ಮಾತು, ತಮಿಳಿನ ‘ಮನೈ’ ಅದರ ಒಡಹುಟ್ಟು. ಕಟ್ಟಡ, ಅದರೊಳಗಿನ ಕೋಣೆ, ಇರುವ ಮಂದಿ ಮೂರಕ್ಕೂ ಅದೇ ಮಾತು. ಅಡಿಗಿಮನಿ, ದೇವರಮನಿ ಕೋಣೆಗಳು. ‘ಮನೆತನ’ ಅಂದರೆ ವಂಶ. ‘ಮನಿಯಾಕಿ’ ಅಂದರೆ ಹೆಂಡತಿ. ಹುಲಿಮನೆ ಆಟದ ಗೆರೆಗಳ ಮೇಲೂ ಮನೆ! ಇನ್ನು ಅಡ್ಡಹೆಸರುಗಳು: ಹೊಸಮನಿ, ದೊಡಮನಿ, ಹಿರೇಮನಿ, ನಡುವಿನಮನಿ. ಈಗ ಊರು ಬಿಟ್ಟು ಬೆಂಗಳೂರು ಸೇರಿದರೂ ಹಳ್ಳಿಯ ಆ ಮನೆ ಹೆಸರಿನ ಜೊತೆಗೇ ಹೋಗುತ್ತದೆ. ನನಗೆ ಇದು ತುಂಬಾ ಇಷ್ಟ.

ಗದಗ ಸೀಮೆಯ ಶಿಗ್ಲಿಯಲ್ಲಿ 1861ರಲ್ಲಿ ಹುಟ್ಟಿದ ಹುಡುಗನೊಬ್ಬ ಶಿರಸಂಗಿ ದೇಸಾಯರ ವಾಡೆಗೆ ದತ್ತು ಹೋದ. ಅವರೇ ತ್ಯಾಗವೀರ ಲಿಂಗರಾಜರು. 1906ರಲ್ಲಿ ತೀರಿಕೊಳ್ಳುವ ಮುನ್ನ ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟರು. ಒಂದು ವಾಡೆಯ ಸಿರಿ ಎಷ್ಟೋ ಬಡವರ ಮನೆ ಮುಟ್ಟಿತು.

ಎಲ್ಲ ವಾಡೆಗಳಿಗೂ ಆ ಭಾಗ್ಯ ಇರಲಿಲ್ಲ. ಅಣ್ಣತಮ್ಮಂದಿರು ಪಾಲಾದಾಗ ಅಂಗಳದ ನಡುವೆಯೇ ಗೋಡೆ ಏಳುತ್ತದೆ. ಒಲೆ ಬೇರೆಯಾದರೆ ಮನೆ ಬೇರೆ. ‘ಈಗ ಇಲ್ಲಿ ನಾಕು ಮನಿ ಅದಾವ್ರಿ’ ಅಂತಾರೆ ಒಳಗಿನವರು. ಹೊರಗಿನವರಿಗೆ ಅದು ಈಗಲೂ ಒಂದೇ ವಾಡೆ.